ರಜಾಕಾರ: ಒಂದು ಪದದ ಚರಿತ್ರೆ, ಒಂದು ಪಡೆಯ ರಾಜಕಾರಣ

ಉರ್ದುವಿನಲ್ಲಿ ‘ರಜಾಕಾರ’ ಎಂದರೆ ಸ್ವಇಚ್ಛೆಯಿಂದ ಸೇವೆಗೆ ನಿಂತವನು, ಸ್ವಯಂಸೇವಕ. ಪಾಕಿಸ್ತಾನದಲ್ಲಿ ಇಂದಿಗೂ ಆ ಪದ ಇದೇ ಅರ್ಥದಲ್ಲಿ ಬಳಕೆಯಲ್ಲಿದೆ. ಬೀದರ, ಕಲಬುರಗಿ, ರಾಯಚೂರು ಸೀಮೆಯ ಕನ್ನಡದಲ್ಲಿ, ತೆಲಂಗಾಣದ ತೆಲುಗಿನಲ್ಲಿ, ಮರಾಠವಾಡದ ಮರಾಠಿಯಲ್ಲಿ ಮಾತ್ರ ಅದು ಸುಲಿಗೆ, ಬೆಂಕಿ, ಕೊಲೆಗಳೊಂದಿಗೇ ನೆನಪಾಗುತ್ತದೆ. 1971ರ ನಂತರ ಬಾಂಗ್ಲಾದೇಶದ ಬಂಗಾಳಿಯಲ್ಲಿ ಅದೇ ಪದಕ್ಕೆ ದ್ರೋಹಿ ಎಂಬ ಅರ್ಥ ಬಂದಿತು. ಸ್ವಯಂಸೇವಕರ ದಳವೊಂದು ನಾಯಕನೊಬ್ಬನ ಖಾಸಗಿ ಸೈನ್ಯವಾದ ಬಗೆಯನ್ನು ಅರಿಯದೆ ಈ ಅರ್ಥಾಂತರವನ್ನು ವಿವರಿಸಲಾಗದು.

ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ 1927ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿತು. 1938ರಿಂದ ಅದನ್ನು ಮುನ್ನಡೆಸಿದ ಬಹಾದೂರ್ ಯಾರ್ ಜಂಗ್ ‘ಅನಲ್ ಮಲಿಕ್’, ಅಂದರೆ ‘ನಾನೇ ಅರಸ’, ಎಂಬ ತತ್ತ್ವವನ್ನು ಪ್ರಚುರಪಡಿಸಿದರು. ಸಂಸ್ಥಾನದ ಸಾರ್ವಭೌಮತ್ವ ಮುಸ್ಲಿಂ ಸಮುದಾಯದ್ದು, ನಿಜಾಮ ಅದರ ಸಂಕೇತ ಮಾತ್ರ ಎಂಬುದು ಇದರ ತಿರುಳು. 1944ರಲ್ಲಿ ಅವರು ತೀರಿಕೊಂಡರು. 1946ರಲ್ಲಿ ಲಾತೂರಿನ ವಕೀಲ ಕಾಸಿಂ ರಜ್ವಿ ಅಧ್ಯಕ್ಷನಾದಾಗ ತತ್ತ್ವ ಹಿಂದೆ ಸರಿದು ಪಡೆ ಮುಂದೆ ಬಂದಿತು. ಸಮವಸ್ತ್ರ, ಕವಾಯತು, ನಾಯಕನಿಗೆ ನಿಷ್ಠೆಯ ಪ್ರತಿಜ್ಞೆ ಇವು ಅದರ ಕಟ್ಟುಪಾಡುಗಳು. 1948ರ ಹೊತ್ತಿಗೆ ಅದರ ಬಲವನ್ನು 2 ಲಕ್ಷದವರೆಗೂ ಅಂದಾಜಿಸಲಾಗುತ್ತಿತ್ತು.

ಇಂಥ ಪಡೆಯ ನಿಷ್ಠೆ ಪ್ರಭುತ್ವಕ್ಕಲ್ಲ, ವ್ಯಕ್ತಿಗೆ. ಆದುದರಿಂದ ಅದು ವಿರೋಧಿಗಳನ್ನು ಹತ್ತಿಕ್ಕುವುದಕ್ಕೆ ಮೊದಲೇ ತನಗೆ ಆಸರೆಯಿತ್ತ ಪ್ರಭುತ್ವವನ್ನು ಕಟ್ಟಿಹಾಕುತ್ತದೆ. 1947ರ ಅಕ್ಟೋಬರ್ 27ರ ನಸುಕಿನ ಘಟನೆ ಇದಕ್ಕೆ ನಿದರ್ಶನ. ಯಥಾಸ್ಥಿತಿ ಒಪ್ಪಂದಕ್ಕಾಗಿ ದೆಹಲಿಗೆ ಹೊರಡಲಿದ್ದ ಪ್ರಧಾನಿ ಛತಾರಿಯ ನವಾಬ, ಸರ್ ವಾಲ್ಟರ್ ಮಾಂಕ್ಟನ್ ಮೊದಲಾದವರ ಮನೆಗಳನ್ನು ರಜ್ವಿಯ ಬೆಂಬಲಿಗರು ಸುತ್ತುವರಿದರು. ನಿಯೋಗ ಹೊರಡಲಿಲ್ಲ, ಛತಾರಿ ರಾಜೀನಾಮೆಯಿತ್ತರು, ಮಜ್ಲಿಸ್‌ಗೆ ಒಪ್ಪಿಗೆಯಾದ ಮೀರ್ ಲಾಯಕ್ ಅಲಿ ಪ್ರಧಾನಿಯಾದರು. ಒಪ್ಪಂದಕ್ಕೆ ನವೆಂಬರ್ 29ರಂದು ಸಹಿ ಬಿದ್ದರೂ ಆಡಳಿತದ ಹಿಡಿತ ಆ ವೇಳೆಗೆ ಕೈಬದಲಾಗಿತ್ತು.

ದಮನಕ್ಕೆ ಗುರಿಯಾದವರು ಒಂದೇ ಬಗೆಯವರಲ್ಲ. ಸಿಂದಗಿಯಲ್ಲಿ ಜನಿಸಿದ ಸ್ವಾಮಿ ರಮಾನಂದ ತೀರ್ಥರ ನಾಯಕತ್ವದ ಸ್ಟೇಟ್ ಕಾಂಗ್ರೆಸ್ ಒಂದು ಕಡೆ, ನಲ್ಗೊಂಡ ಮತ್ತು ವರಂಗಲ್ಲಿನ ಕಮ್ಯುನಿಸ್ಟ್ ರೈತರು ಇನ್ನೊಂದು ಕಡೆ. ರೈತರ ವಿರುದ್ಧ ಹಿಂದೂ ದೇಶಮುಖರೂ ರಜಾಕಾರರ ನೆರವು ಪಡೆದರು. ವಿಲೀನವನ್ನು ಬೆಂಬಲಿಸಿ ಬರೆದ ಉರ್ದು ಪತ್ರಿಕೆ ‘ಇಮ್ರೋಜ್’ನ ಸಂಪಾದಕ ಶೋಯಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲೇ ಹತ್ಯೆಯಾದರು. ಈ ಸಂಗತಿಗಳು ಇಡೀ ಪ್ರಕರಣವನ್ನು ಕೇವಲ ಮತೀಯ ಸಂಘರ್ಷವೆಂದು ಓದುವುದರ ಮಿತಿಯನ್ನು ತೋರಿಸುತ್ತವೆ. ಹಾಗೆಂದು ಮತೀಯ ಆಯಾಮವನ್ನು ಮರೆಮಾಚಲೂ ಆಗದು. ಅದೇ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ಮತ್ತು ಆಗಸ್ಟ್‌ನಲ್ಲಿ ತೆಲಂಗಾಣದ ಭೈರಾನ್‌ಪಲ್ಲಿಯಲ್ಲಿ ಹತ್ಯಾಕಾಂಡಗಳೇ ನಡೆದವು.

ಗಡಿಯಾಚೆಯ ಸೊಲ್ಲಾಪುರ, ಗದಗ, ಮುಂಡರಗಿಗಳಲ್ಲಿ ಹೋರಾಟಗಾರರ ಶಿಬಿರಗಳೆದ್ದವು. ಮುಂಡರಗಿ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿ ಮುಂದಾಳು. ನಿಜಾಮನ ಕರೋಡಗಿರಿ ನಾಕೆಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ದಾಳಿಗಳಾದವು. ಸೆಪ್ಟೆಂಬರ್ 13ರಂದು ಭಾರತೀಯ ಸೇನೆಯ ಮುಖ್ಯ ದಂಡು ಹೊರಟಿದ್ದೂ ಸೊಲ್ಲಾಪುರದಿಂದಲೇ. ನಿರಾಯುಧರನ್ನು ನಡುಗಿಸಿದ್ದ ಪಡೆ ಐದು ದಿನವೂ ನಿಲ್ಲಲಿಲ್ಲ. ಬೀಬಿನಗರ ದರೋಡೆ ಪ್ರಕರಣದಲ್ಲಿ ಶಿಕ್ಷೆಯಾದ ರಜ್ವಿ 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ತೆರಳಿದ.

ಅವನ ಪಡೆಯ ಪಾಪದ ಸುಂಕ ತೆತ್ತವರು ಬೇರೆಯವರು. ಪಂಡಿತ್ ಸುಂದರಲಾಲ್ ನೇತೃತ್ವದ ಸಮಿತಿ ಕಾರ್ಯಾಚರಣೆಯ ವೇಳೆ ಮತ್ತು ಅನಂತರ 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜಿಸಿತು. ಅವರಲ್ಲಿ ಬಹುಪಾಲು ಮುಸ್ಲಿಮರು. ಉಸ್ಮಾನಾಬಾದ್, ಕಲಬುರಗಿ, ಬೀದರ, ನಾಂದೇಡ್ ಅತಿ ಹೆಚ್ಚು ನೊಂದ ಜಿಲ್ಲೆಗಳು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಕನ್ನಡದಲ್ಲಿ ‘ವಿಮೋಚನೆ’ ಎನಿಸಿದ್ದು ಉರ್ದುವಿನಲ್ಲಿ ‘ಸುಕೂತೆ ಹೈದರಾಬಾದ್’, ಅಂದರೆ ಹೈದರಾಬಾದಿನ ಪತನ, ಎಂದಾದುದರ ಹಿಂದೆ ಈ ಸಾವುಗಳಿವೆ.

1956ರ ಪುನರ್ವಿಂಗಡಣೆ ಈ ನೆನಪನ್ನು ಮತ್ತೆ ತುಂಡರಿಸಿತು. ಕಲಬುರಗಿ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲ್ಲೂಕುಗಳೂ ಬೀದರ ಜಿಲ್ಲೆಯ ನಾರಾಯಣಖೇಡ್ ಹಾಗೂ ಜಹೀರಾಬಾದಿನ ಹೆಚ್ಚಿನ ಭಾಗವೂ ಆಂಧ್ರಪ್ರದೇಶಕ್ಕೆ ಸೇರಿದವು. ಬೀದರದ ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು. ಕಲ್ಯಾಣ ಕರ್ನಾಟಕದ ವಿಮೋಚನಾ ಕಥನ ಇಂದಿನ ಗಡಿಗೆ ಬಂದು ನಿಂತರೆ, ತೆಲಂಗಾಣದ ರೈತಹೋರಾಟದ ಕಥನದ ಕೇಂದ್ರ ನಲ್ಗೊಂಡ ಮತ್ತು ವರಂಗಲ್. ಎರಡರ ನಡುವಿನ ಈ ತಾಲ್ಲೂಕುಗಳ ಕನ್ನಡಿಗರ ಅನುಭವ ಎರಡಕ್ಕೂ ಅಂಚಿನದು.

ಆದ್ದರಿಂದ ಗಡಿನಾಡಿನ ವಿದ್ವಾಂಸನು ಕನ್ನಡ, ತೆಲುಗು, ಮರಾಠಿ, ಉರ್ದು ಸಾಕ್ಷ್ಯಗಳನ್ನು ಒಟ್ಟಿಗಿಟ್ಟು ಓದಬೇಕಾಗಿದೆ. ಒಂದು ಭಾಷೆ ಮಾತ್ರ ಬಲ್ಲವನಿಗೆ ಗೋರಟಾದ ಸತ್ತವರು ಕಾಣುತ್ತಾರೆ, ಸುಂದರಲಾಲ್ ವರದಿಯ ಸತ್ತವರು ಕಾಣುವುದಿಲ್ಲ; ಅಥವಾ ಇವರು ಕಂಡು ಅವರು ಮರೆಯಾಗುತ್ತಾರೆ. ಘಟನೆಯನ್ನು ಸ್ವತಃ ಕಂಡವರ ಪೀಳಿಗೆ ಬಹುಪಾಲು ಅಳಿದಿದೆ. ಅವರಿಂದ ಕೇಳಿಸಿಕೊಂಡವರಾದರೂ ಇರುವಾಗಲೇ, ಅವರು ಹೇಳುವುದನ್ನು ಹೇಳಿದ ಭಾಷೆಯಲ್ಲೇ ದಾಖಲಿಸುವ ಕೆಲಸ ಆಗಬೇಕು.