ಕಿಟಕಿ ಮುಚ್ಚಬೇಕೋ, ತೆಗೀಬೇಕೋ?

2020ರ ಸೆಪ್ಟೆಂಬರ್ 9ರಂದು ಇಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ, ಸರಿಯಾಗಿ ಬೆಳಗೇ ಆಗಲಿಲ್ಲ. ಕಾಳ್ಗಿಚ್ಚಿನ ಹೊಗೆಗೆ ಆಕಾಶವೆಲ್ಲ ಕಿತ್ತಳೆ ಬಣ್ಣ. ಆ ವಾರ ನಾವು ಕಿಟಕಿ ಮುಚ್ಚಿಕೊಂಡೇ ಕೂತಿದ್ವಿ. ಅಡುಗೆ ನಿಲ್ಲುತ್ತಾ? ಗ್ಯಾಸ್ ಒಲೆ, ಒಣಮೆಣಸಿನಕಾಯಿ ಒಗ್ಗರಣೆ, ಮನೆಮಂದಿಗೆಲ್ಲ ಕೆಮ್ಮು!

ತಮಾಷೆ ಅಲ್ಲ, ನನ್ನ ಮಗನಿಗೆ ಆಸ್ತಮಾ ಇದೆ. ಗ್ಯಾಸ್ ಉರಿದಾಗ ಬರೋ ನೈಟ್ರೋಜನ್ ಡೈಆಕ್ಸೈಡ್ ಅಂಥವರ ಶ್ವಾಸನಾಳವನ್ನ ಕೆರಳಿಸುತ್ತೆ. ಕಾದ ಎಣ್ಣೆಯ ಸೂಕ್ಷ್ಮ ಕಣಗಳಂತೂ ಕರೆಂಟ್ ಒಲೆಯಲ್ಲೂ ತಪ್ಪಿದ್ದಲ್ಲ.

ಈ ಇಕ್ಕಟ್ಟು ಹಳೇದು. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಇಂಧನ ಉಳಿಸೋಕೆ ಕಟ್ಟಡಗಳ ಸಂದುಗೊಂದಿಯನ್ನೆಲ್ಲ ಮುಚ್ಚಿದರು. ಶಾಖ ಒಳಗೇ ಉಳಿಯಿತು. ಜೊತೆಗೆ ಪ್ಲೈವುಡ್ಡಿನ ಫಾರ್ಮಾಲ್ಡಿಹೈಡ್, ನೆಲದಿಂದ ಬರೋ ರೇಡಾನ್ ಕೂಡ. ಇದನ್ನ ಮೊದಮೊದಲು ಅಳೆದವರಲ್ಲಿ ನಮ್ಮ ಪಕ್ಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರೂ ಇದ್ದರು.

ಹೊರಹೋಗೋ ಗಾಳಿಯ ಶಾಖವನ್ನ ಒಳಬರೋ ಗಾಳಿಗೆ ದಾಟಿಸೋ ಯಂತ್ರಗಳಿವೆ. ಬಾಡಿಗೆ ಮನೇಲಿ ಅದೆಲ್ಲಿಂದ ಬರಬೇಕು? ನಾನು ಬಾಕ್ಸ್ ಫ್ಯಾನಿಗೆ ಮರ್ವ್-13 ಫಿಲ್ಟರ್ ಕಟ್ಟಿದೆ. ಕಣಗಳು ಇಳಿದವು. ಕಾರ್ಬನ್ ಡೈಆಕ್ಸೈಡ್ ಮೀಟರ್ ಮಾತ್ರ ಏರುತ್ತಲೇ ಇತ್ತು, ಆ ಅನಿಲ ಇಂಥ ಫಿಲ್ಟರಿಗೆ ಸಿಗಲ್ಲವಲ್ಲ. ಕೊನೆಗೆ ಹೊರಗೆ ಹೊಗೆ ಕಡಿಮೆಯಾದ ಹೊತ್ತು ನೋಡಿ ಕಿಟಕಿ ತೆಗೀತಿದ್ವಿ. ಒಗ್ಗರಣೆನೂ ಆಗಲೇ.