ಗತದಿನಗಳ ಪಂಚಾಂಗ

ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಗೋಡೆಯ ಮೊಳೆಗೆ ದಾರದಿಂದ ತೂಗುವ ಪಂಚಾಂಗದ ದೆಸೆಯಿಂದ, ಮೈಸೂರಿನ ಒಂಟಿಕೊಪ್ಪಲನ್ನು ಕಾಣದವರೂ ಆ ಹೆಸರನ್ನು ಬಲ್ಲರು. ಆ ಹೊತ್ತಗೆ ಬರಲಿರುವ ತಿಥಿವಾರಗಳನ್ನು ಮುಂಗಡವಾಗಿ ಗಣಿಸಿಡುವುದಾದರೆ, ಅದೇ ಬಡಾವಣೆಯ ಪ್ರಯೋಗಾಲಯದಲ್ಲಿ ಮಗುವೊಂದರ ತೋಳಿನಿಂದ ಸೆಳೆದ ತುಸು ರಕ್ತವು ಕಳೆದುಹೋದ ವಾರಗಳ ಲೆಕ್ಕವನ್ನು ಒಪ್ಪಿಸುತ್ತದೆ. ವೈದ್ಯರು ಚೀಟಿಯಲ್ಲಿ ಎ.ಎಸ್.ಒ. ಎಂದು ಗೀಚುವ ಪರೀಕ್ಷೆಯ ಮರ್ಮವೆಲ್ಲ ಈ ಹಿನ್ನೋಟದಲ್ಲಿಯೇ ಅಡಗಿದೆ.

ಮಣಿಸರದಂತೆ ಸಾಲುಗಟ್ಟುವ ಸ್ಟ್ರೆಪ್ಟೊಕಾಕಸ್ ಜೀವಾಣುಗಳ ‘ಎ’ ಪಂಗಡವು ಗಂಟಲಿನಲ್ಲಿ ಬೀಡುಬಿಟ್ಟಾಗ, ಕೆಂಪು ರಕ್ತಕಣಗಳನ್ನು ಒಡೆಯಬಲ್ಲ ಸ್ಟ್ರೆಪ್ಟೊಲೈಸಿನ್ ‘ಓ’ ಎಂಬ ವಿಷವನ್ನು ಸ್ರವಿಸುತ್ತದೆ. ಆಕ್ಸಿಜನ್ ತಾಗಿದರೆ ಅದರ ಶಕ್ತಿ ಕುಂದುವುದರಿಂದಲೇ ಆ ‘ಓ’. ಇದಕ್ಕೆದುರಾಗಿ ದೇಹವು ಸೃಜಿಸುವ ಆಂಟಿಸ್ಟ್ರೆಪ್ಟೊಲೈಸಿನ್ ‘ಓ’, ಅಂದರೆ ಎ.ಎಸ್.ಒ. ಎಂಬ ಪ್ರತಿಕಾಯಗಳು ಕಾಣಿಸಿಕೊಳ್ಳಲು ವಾರವಾದರೂ ಬೇಕು. ಮೂರರಿಂದ ಐದನೆಯ ವಾರದ ಹೊತ್ತಿಗೆ ಶಿಖರವನ್ನು ಮುಟ್ಟಿ, ಅನಂತರ ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಇಳಿಯುತ್ತವೆ. 1932ರಲ್ಲಿ ಇ. ಡಬ್ಲ್ಯು. ಟಾಡ್ ಎಂಬ ವಿಜ್ಞಾನಿ ಇವನ್ನು ಅಳೆಯುವ ಕ್ರಮವನ್ನು ರೂಪಿಸಿದನು: ಸೀರಮ್ಮನ್ನು ಸಾಲು ನಳಿಕೆಗಳಲ್ಲಿ ಹಂತಹಂತವಾಗಿ ತೆಳುಗೊಳಿಸಿ, ಗೊತ್ತಾದ ಪ್ರಮಾಣದ ವಿಷವನ್ನೂ ಬಳಿಕ ರಕ್ತಕಣಗಳನ್ನೂ ಬೆರೆಸಿದರೆ, ಯಾವ ನಳಿಕೆಯವರೆಗೆ ಕಣಗಳು ಒಡೆಯದೆ ಉಳಿದುವೋ ಅಲ್ಲಿಯವರೆಗೆ ಪ್ರತಿಕಾಯದ ರಕ್ಷೆಯುಂಟೆಂದು ಅರ್ಥ.

ಈಗಿನ ಒಂದು ಸುಲಭವಿಧಾನವಂತೂ ಅಡುಗೆಮನೆಯನ್ನು ನೆನಪಿಗೆ ತರುವಂಥದು. ಕಪ್ಪು ಹಲಗೆಯ ಮೇಲೆ ಒಂದು ಹನಿ ಸೀರಂ, ಅದರ ಮಗ್ಗುಲಿಗೆ ಆ ವಿಷವನ್ನು ಲೇಪಿಸಿದ ಲ್ಯಾಟೆಕ್ಸ್ ಕಣಗಳ ಹಾಲಿನಂಥ ಹನಿ. ಕಡ್ಡಿಯಿಂದ ಕಲಸಿ ಎರಡು ನಿಮಿಷ ಹಲಗೆಯನ್ನು ಅತ್ತಿತ್ತ ಓಲಾಡಿಸಿದರೆ, ಪ್ರತಿಕಾಯವು ಮಿಲಿಲೀಟರಿಗೆ 200 ಯೂನಿಟ್ಟಿನಷ್ಟೋ ಹೆಚ್ಚೋ ಇದ್ದಲ್ಲಿ ಒಡೆದ ಹಾಲಿನಂತೆ ಬಿಳಿಯ ಹರಳುಗಳು ಮೂಡುತ್ತವೆ.

ಗಂಟಲುನೋವು ಮರೆತುಹೋದ ಎರಡು ಮೂರು ವಾರಗಳ ಮೇಲೆ ಮಂಡಿ ಬಾತು, ಜ್ವರವೇರಿ, ಹುಡುಗನೊಬ್ಬನು ಮಲಗಿದನೆನ್ನಿ. ರುಮಾಟಿಕ್ ಜ್ವರದ ಶಂಕೆ ಹುಟ್ಟುವ ಆ ವೇಳೆಗೆ ಗಂಟಲಲ್ಲಿ ಜೀವಾಣುವಿನ ಸುಳಿವೇ ಸಿಗದಿರಬಹುದಾದುದರಿಂದ, ರಕ್ತದ ಸಾಕ್ಷಿಯೇ ಗತಿ. ಅಲಕ್ಷಿಸಿದರೆ ಹೃದಯದ ಕವಾಟ ಬಿಗಿದುಕೊಂಡು, ಮುಂದೊಂದು ದಿನ ಒಂಟಿಕೊಪ್ಪಲಿಗೆ ದೂರವಲ್ಲದ ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಬೇಕಾದೀತು.

ಆದರೆ ಈ ಅಂಕಿಗೆ ನಮ್ಮಲ್ಲಿ ಸಲ್ಲದ ಮರ್ಯಾದೆಯೂ ದೊರೆಯುತ್ತಿದೆಯೆಂದೇ ನನ್ನ ಎಣಿಕೆ. ಶಾಲೆಗೆ ಹೋಗುವ ಮಕ್ಕಳಿಗೆ ಗಂಟಲುಬೇನೆ ಮೇಲಿಂದ ಮೇಲೆ ಬರುವುದರಿಂದ, ಆರೋಗ್ಯದಿಂದ ಆಡಿಕೊಂಡಿರುವ ಮಗುವಿನಲ್ಲಿಯೂ 200ನ್ನು ಮೀರಿದ ಅಂಕಿ ಕಂಡರೆ ಸೋಜಿಗವಿಲ್ಲ. ಎರಡು ವಾರ ಬಿಟ್ಟು ಮತ್ತೊಮ್ಮೆ ಅಳೆದು ಏರಿತೋ ಇಳಿಯಿತೋ ಎಂದು ನೋಡುವುದೇ ಸರಿಯಾದ ದಾರಿ. ಅಂಕಿಯನ್ನು ಇಳಿಸಲೆಂದು ಪೆನಿಸಿಲಿನ್ ಚುಚ್ಚಿಸುವುದಂತೂ ಹಳೆಯ ಪಂಚಾಂಗದ ಹಾಳೆ ಹರಿದು ಗ್ರಹಣವನ್ನು ತಪ್ಪಿಸಹೊರಟಂತೆ.

ಇನ್ನೊಂದು ತೊಡಕು ಚರ್ಮದ್ದು. ಕಜ್ಜಿಹುಣ್ಣಿನಲ್ಲಿ ನೆಲೆಸಿದ ಜೀವಾಣುವಿನ ವಿಷವನ್ನು ಚರ್ಮದ ಕೊಲೆಸ್ಟರಾಲ್ ಕಟ್ಟಿಹಾಕುವುದರಿಂದ ಎ.ಎಸ್.ಒ. ಹೆಚ್ಚಾಗಿ ಏರುವುದೇ ಇಲ್ಲ. ಅದಕ್ಕೆ ಡಿಎನ್ಏಸ್-ಬಿ ಎಂಬ ಬೇರೊಂದು ಕಿಣ್ವದ ಪ್ರತಿಕಾಯವನ್ನು ಅರಸಬೇಕು. ಇಂಥ ಹುಣ್ಣಿನ ಬೆನ್ನಿಗೆ ಮೂತ್ರಪಿಂಡಕ್ಕೆ ಉರಿಯೂತ ತಗಲುವುದೂ ಉಂಟಾದುದರಿಂದ, ಮುಖ ಊದಿ, ಮೂತ್ರ ಕೆಂಪಾದ ಮಗುವನ್ನು ತಾಯಿ ಕರೆತಂದಾಗ, ಅನುಭವಿಯಾದ ವೈದ್ಯನು ಚೀಟಿಗೆ ಕೈಹಾಕುವ ಮುನ್ನ ಮಗುವಿನ ಮೊಣಕಾಲ ಕೆಳಗೆ ಮಾಸುತ್ತಿರುವ ಹುಣ್ಣಿನ ಕಲೆಗಳನ್ನು ಹುಡುಕುತ್ತಾನೆ.