ಅಪ್ಪನ ರಜೆಗೆ ಸಹಿ ಹಾಕಬೇಕಾದವರು ಯಾರು?

ಮಗು ಹುಟ್ಟಿದ ಮೇಲೆ ಅಪ್ಪ ಎಷ್ಟು ದಿನ ಮನೆಯಲ್ಲಿ ಉಳಿಯುತ್ತಾನೆ ಎನ್ನುವುದು ಅವನ ಮನಸ್ಸು, ಸಂಬಳ, ಮೇಲಧಿಕಾರಿ ಎಲ್ಲವನ್ನೂ ಅವಲಂಬಿಸಿದೆ. ಇವುಗಳ ಜೊತೆಗೆ ಯಾರ ಗಮನಕ್ಕೂ ಬಾರದೆ ಕೆಲಸ ಮಾಡುವ ಇನ್ನೊಂದು ಸಂಗತಿಯಿದೆ, ಅದು ಸರ್ಕಾರದ ಅರ್ಜಿ ನಮೂನೆ. ರಜೆಯನ್ನು ಗಂಡ ಹೆಂಡತಿ ಹಂಚಿಕೊಳ್ಳಬಹುದು ಎಂದು ಕಾನೂನು ಹೇಳಿದರೆ ಸಾಲದು. ಹಂಚಿಕೊಳ್ಳುವುದಕ್ಕೆ ಸಹಿ ಬೇಕೋ ಅಥವಾ ಹಂಚಿಕೊಳ್ಳದೆ ಬಿಟ್ಟುಕೊಡುವುದಕ್ಕೆ ಸಹಿ ಬೇಕೋ? ಇಷ್ಟು ಸಣ್ಣ ವಿಷಯ ಎಷ್ಟೊಂದು ಮನೆಗಳ ಲೆಕ್ಕಾಚಾರವನ್ನು ಬದಲಿಸಬಲ್ಲದು ಎಂಬುದು ಬ್ರಿಟನ್ ಮತ್ತು ಸ್ವೀಡನ್ನನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ಬ್ರಿಟನ್ನಿನಲ್ಲಿ ಹಂಚಿಕೆಯ ರಜೆ 2015ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 50 ವಾರಗಳವರೆಗಿನ ರಜೆಯನ್ನೂ 37 ವಾರಗಳವರೆಗಿನ ಭತ್ಯೆಯನ್ನೂ ದಂಪತಿ ತಮಗೆ ಬೇಕಾದ ಹಾಗೆ ಹಂಚಿಕೊಳ್ಳಬಹುದು. ಆದರೆ ಆ ರಜೆಯೆಲ್ಲ ಮೂಲದಲ್ಲಿ ತಾಯಿಯ ಹೆಸರಿನಲ್ಲಿರುತ್ತದೆ. ಅವಳು ಮೊದಲು ತನ್ನ ಹೆರಿಗೆ ರಜೆಯನ್ನು ಇಂಥ ದಿನ ಮುಗಿಸುತ್ತೇನೆ ಎಂದು ತನ್ನ ಕಂಪನಿಗೆ ಬರೆದುಕೊಡಬೇಕು. ಆಮೇಲೆ ಯಾರಿಗೆ ಎಷ್ಟು ವಾರ ಎಂದು ತಿಳಿಸುವ ಪತ್ರವನ್ನು ಗಂಡ ತನ್ನ ಕಂಪನಿಗೆ ಕೊಡಬೇಕು. ಅದರೊಳಗೆ ಹೆಂಡತಿ ಸಹಿ ಮಾಡಿದ ಘೋಷಣೆ ಇರಬೇಕು. ಕೊನೆಗೆ, ರಜೆ ಶುರುವಾಗುವುದಕ್ಕೆ ಕನಿಷ್ಠ 8 ವಾರ ಮೊದಲು ದಿನಾಂಕ ನಮೂದಿಸಿದ ನೋಟಿಸ್. ಇವುಗಳ ಜೊತೆ ಅರ್ಹತೆಯ ಲೆಕ್ಕವೂ ಇದೆ: ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 66 ವಾರಗಳಲ್ಲಿ ಸಂಗಾತಿ 26 ವಾರ ದುಡಿದಿರಬೇಕು, ಅವುಗಳಲ್ಲಿ 13 ವಾರಗಳ ಗಳಿಕೆ ಸೇರಿ 390 ಪೌಂಡ್ ಆದರೂ ಆಗಿರಬೇಕು.

ಈ ಕಾಗದಗಳ ಭಾರಕ್ಕಿಂತ ಅವು ಮನೆಯೊಳಗೆ ಹುಟ್ಟಿಸುವ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಗಂಡ ಹೆಂಡತಿಯ ಹತ್ತಿರ ಹೋಗಿ, 'ನಿನ್ನ ರಜೆಯಲ್ಲಿ ನನಗೆ ಸ್ವಲ್ಪ ಕೊಡು' ಎಂದು ಕೇಳಬೇಕು. ತುಂಬು ಬಸುರಿಯ ಹತ್ತಿರ ಈ ಮಾತು ಎತ್ತಲು ಎಷ್ಟು ಗಂಡಸರಿಗೆ ಬಾಯಿ ಬಂದೀತು? ಕೇಳಿದರೂ ಅವಳಿಗೆ ಅದು ತನ್ನ ಪಾಲನ್ನು ಕಳೆದುಕೊಂಡ ಹಾಗೆಯೇ ಕಾಣುತ್ತದೆ. ಬ್ರಿಟಿಷ್ ಸರ್ಕಾರ 2023ರಲ್ಲಿ ಪ್ರಕಟಿಸಿದ ಮೌಲ್ಯಮಾಪನದ ಪ್ರಕಾರ, ಅರ್ಹ ತಂದೆಯರಲ್ಲಿ ಈ ರಜೆಯನ್ನು ಬಳಸಿಕೊಂಡವರು ಸುಮಾರು ಶೇ. 5 ಮಾತ್ರ. ಭತ್ಯೆ ಕಡಿಮೆ ಎನ್ನುವುದೂ ಇದಕ್ಕೆ ದೊಡ್ಡ ಕಾರಣ. ಎಲ್ಲ ತಪ್ಪನ್ನೂ ನಮೂನೆಯ ತಲೆಗೆ ಕಟ್ಟುವುದು ಸರಿಯಲ್ಲ.

ಸ್ವೀಡನ್ನಿನಲ್ಲಿ ಕಾಗದ ಹರಿಯುವ ದಿಕ್ಕೇ ಬೇರೆ. ಅಲ್ಲಿ ಒಂದು ಮಗುವಿಗೆ 480 ದಿನಗಳ ಭತ್ಯೆ. ಮಗುವಿನ ಪಾಲನೆಯ ಹಕ್ಕು ಇಬ್ಬರಿಗೂ ಇದ್ದರೆ, ಯಾರೂ ಏನನ್ನೂ ಕೇಳುವ ಮೊದಲೇ ಸಾಮಾಜಿಕ ವಿಮಾ ಇಲಾಖೆಯ ಲೆಕ್ಕದಲ್ಲಿ 240 ದಿನ ಅಮ್ಮನ ಹೆಸರಿನಲ್ಲಿ, 240 ದಿನ ಅಪ್ಪನ ಹೆಸರಿನಲ್ಲಿ ಬಿದ್ದಿರುತ್ತದೆ. ಅಪ್ಪ ತನ್ನ ದಿನಗಳನ್ನು ಹೆಂಡತಿಗೆ ಕೊಡಬೇಕೆಂದರೆ ಅವನೇ ಇಲಾಖೆಗೆ ತಿಳಿಸಬೇಕು. ಹಾಗೆ ಕೊಟ್ಟರೂ 90 ದಿನಗಳನ್ನು ಮುಟ್ಟುವಂತಿಲ್ಲ. ಅವನು ಬಳಸದಿದ್ದರೆ ಅವು ಯಾರಿಗೂ ದಕ್ಕುವುದಿಲ್ಲ. ಇಲ್ಲಿ ಮನೆಯೊಳಗಿನ ಪ್ರಶ್ನೆಯೇ ಬದಲಾಗುತ್ತದೆ. ಬ್ರಿಟನ್ನಿನ ಅಪ್ಪ ಯಾಕೆ ರಜೆ ತೆಗೆದುಕೊಳ್ಳುತ್ತೀ ಎಂಬುದಕ್ಕೆ ಉತ್ತರ ಹುಡುಕಬೇಕು, ಸ್ವೀಡನ್ನಿನ ಅಪ್ಪ ಯಾಕೆ ಬಿಟ್ಟುಕೊಡುತ್ತೀ ಎಂಬುದಕ್ಕೆ. ಕಂಪನಿಯ ಮೇಲಧಿಕಾರಿಯ ಮುಂದೆ ಕೂತಾಗಲೂ 'ಇದು ನನ್ನ ಹೆಸರಿನಲ್ಲಿರುವ ರಜೆ, ತೆಗೆದುಕೊಳ್ಳದಿದ್ದರೆ ಹೋಗಿಬಿಡುತ್ತದೆ' ಎಂಬ ಮಾತಿಗೆ ತೂಕ ಬರುತ್ತದೆ.

ಇದು ಒಂದೇ ಸಲಕ್ಕೆ ಆದದ್ದಲ್ಲ. 1974ರಲ್ಲಿ ಸ್ವೀಡನ್ ಹೆರಿಗೆ ರಜೆಯನ್ನು ಪೋಷಕರಿಬ್ಬರ ರಜೆಯಾಗಿ ಬದಲಿಸಿತು. ಆಗ ಅಪ್ಪಂದಿರು ತೆಗೆದುಕೊಂಡದ್ದು ಒಟ್ಟು ದಿನಗಳಲ್ಲಿ ಶೇ. 1ಕ್ಕಿಂತಲೂ ಕಡಿಮೆ. ಪೋಸ್ಟರು ಅಂಟಿಸಿ ಪ್ರಚಾರ ಮಾಡಿದರೂ ಏರಿಕೆ ನಿಧಾನವಾಗಿಯೇ ಇತ್ತು. 1995ರಲ್ಲಿ ಒಂದು ತಿಂಗಳನ್ನು ವರ್ಗಾಯಿಸುವಂತಿಲ್ಲ ಎಂದು ನಿಯಮ ಮಾಡಿದ ಮೇಲೆ, ಒಂದು ದಿನವೂ ರಜೆ ಹಾಕದ ಅಪ್ಪಂದಿರ ಸಂಖ್ಯೆ ಒಮ್ಮೆಲೇ ಕುಸಿಯಿತು. 2002ರಲ್ಲಿ ಎರಡನೆಯ ತಿಂಗಳು, 2016ರಲ್ಲಿ ಮೂರನೆಯದು ಸೇರಿತು. ಈಗ ಒಟ್ಟು ದಿನಗಳಲ್ಲಿ ಅಪ್ಪಂದಿರ ಪಾಲು ಸುಮಾರು ಶೇ. 30. ಹೀಗಿದ್ದರೂ 1995ರ ಬದಲಾವಣೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಿಗೆ ಇನ್ನೊಂದು ಸಂಗತಿಯೂ ಕಂಡಿತು: ಆ ಒಂದು ತಿಂಗಳು ಮನೆಯಲ್ಲಿದ್ದ ಅಪ್ಪಂದಿರು, ಮುಂದೆ ಮಗುವಿಗೆ ಜ್ವರ ಬಂದಾಗ ರಜೆ ಹಾಕುವುದರಲ್ಲಿ ಮೊದಲಿಗಿಂತ ಹೆಚ್ಚಿನ ಪಾಲು ವಹಿಸಲಿಲ್ಲ. ನಮೂನೆಯಿಂದ ಆಗುವ ಕೆಲಸಕ್ಕೂ ಒಂದು ಮಿತಿಯಿದೆ.

ಸ್ವೀಡನ್ನೇ ಎಡವಿದ ಒಂದು ಉದಾಹರಣೆಯೂ ಇದೆ. ರಜೆಯನ್ನು ಸಮನಾಗಿ ಹಂಚಿಕೊಂಡವರಿಗೆ 2008ರಲ್ಲಿ ಅಲ್ಲಿನ ಸರ್ಕಾರ ಸಮಾನತೆಯ ಬೋನಸ್ ಘೋಷಿಸಿತು. ಆದರೆ ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕಿತ್ತು, ಹಣ ತೆರಿಗೆ ಲೆಕ್ಕದ ಮೂಲಕ ತಡವಾಗಿ ಕೈಸೇರುತ್ತಿತ್ತು. ಹಂಚಿಕೆಯಲ್ಲಿ ಗುರುತಿಸಬಹುದಾದ ಬದಲಾವಣೆ ಕಾಣಲಿಲ್ಲ. 2012ರಲ್ಲಿ ಅರ್ಜಿಯಿಲ್ಲದೆ ತಾನಾಗಿಯೇ ಸಂದಾಯವಾಗುವಂತೆ ಮಾಡಿದರು, 2017ರ ಹೊತ್ತಿಗೆ ಯೋಜನೆಯೇ ನಿಂತುಹೋಯಿತು. ನನಗನಿಸುವಂತೆ, ಮಗು ಹುಟ್ಟಿದ ಮನೆಯಲ್ಲಿ ಮುಂದಿನ ವರ್ಷ ಬರುವ ಹಣವನ್ನು ನೆಚ್ಚಿ ಯಾರೂ ಈ ತಿಂಗಳ ರಜೆ ಹಾಕುವುದಿಲ್ಲ.

ಅಲ್ಲಿರುವ ಕನ್ನಡಿಗರಿಗೆ ಸಂಬಂಧಿಸಿದ ಒಂದು ಮಾತು. 2024ರ ಜುಲೈನಿಂದ ಪ್ರತಿಯೊಬ್ಬ ಪೋಷಕರೂ 45 ದಿನಗಳವರೆಗಿನ ಭತ್ಯೆಯನ್ನು ಅಜ್ಜ ಅಜ್ಜಿಗೋ ಸ್ನೇಹಿತರಿಗೋ ಬರೆದುಕೊಡಬಹುದು. ಆದರೆ ಪಡೆಯುವವರು ಸ್ವೀಡನ್ನಿನ ಸಾಮಾಜಿಕ ವಿಮೆಗೆ ಒಳಪಟ್ಟಿರಬೇಕು. ಬಾಣಂತನ ಮಾಡಲು ಹಾಸನದಿಂದ ವೀಸಾ ಪಡೆದು ಬಂದ ಅಮ್ಮನಿಗೆ ಇದು ಸಿಗುವುದಿಲ್ಲ.

ಇನ್ನು ಕೆನಡಾ. ಟೊರೊಂಟೊ, ಬ್ರ್ಯಾಂಪ್ಟನ್ ಕಡೆ ನೆಲೆಸಿರುವ ನಮ್ಮವರು ತುಂಬಬೇಕಾದ ಉದ್ಯೋಗ ವಿಮೆಯ ಅರ್ಜಿಯನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು. ತಾಯಿಗೆ ಮೊದಲು 15 ವಾರ ಹೆರಿಗೆ ಭತ್ಯೆ. ಅದಾದ ಮೇಲೆ ಪೋಷಕರ ಭತ್ಯೆ, ಅದರಲ್ಲಿ ಎರಡು ಆಯ್ಕೆ. ಸಾಮಾನ್ಯ ಆಯ್ಕೆಯಲ್ಲಿ ಗಳಿಕೆಯ ಶೇ. 55, ಇಬ್ಬರಿಗೂ ಸೇರಿ 40 ವಾರ, ಒಬ್ಬರಿಗೆ ಹೆಚ್ಚೆಂದರೆ 35. ವಿಸ್ತೃತ ಆಯ್ಕೆಯಲ್ಲಿ ಶೇ. 33, ಇಬ್ಬರಿಗೂ ಸೇರಿ 69 ವಾರ, ಒಬ್ಬರಿಗೆ ಹೆಚ್ಚೆಂದರೆ 61.

ಎಡವಟ್ಟಾಗುವುದು ವಾರಗಳನ್ನು ಕೇಳುವ ಕಾಲಂನಲ್ಲಿ. ಒಂದು ವರ್ಷ ರಜೆ ಹಾಕಬೇಕೆಂದುಕೊಂಡ ತಾಯಿ ಅಲ್ಲಿ 52 ಎಂದು ತುಂಬುತ್ತಾಳೆ. ಅವಳ ಮನಸ್ಸಿನಲ್ಲಿ ಹೆರಿಗೆಯ 15 ವಾರವೂ ಅದರಲ್ಲೇ ಸೇರಿದೆ. ನಮೂನೆಯ ಪ್ರಕಾರ ಸೇರಿಲ್ಲ. 52 ವಾರ 35ನ್ನು ಮೀರುವುದರಿಂದ ಅದು ವಿಸ್ತೃತ ಆಯ್ಕೆಗೇ ಹೊಂದುತ್ತದೆ. ವಾರಕ್ಕೆ 1,000 ಡಾಲರ್ ಗಳಿಸುವವಳಿಗೆ 550ರ ಬದಲು 330 ಡಾಲರ್ ಬರತೊಡಗುತ್ತದೆ. 35 ವಾರಗಳಿಗೆ 7,700 ಡಾಲರ್ ಖೋತಾ. ತಪ್ಪು ಗೊತ್ತಾಗುವುದು ಮೊದಲ ಕಂತು ಕೈಗೆ ಬಂದಾಗ, ಅಷ್ಟರಲ್ಲಿ ಆಯ್ಕೆ ಬದಲಿಸುವ ಬಾಗಿಲು ಮುಚ್ಚಿರುತ್ತದೆ. ಹೀಗೆ ಸಿಕ್ಕಿಹಾಕಿಕೊಂಡವರೊಬ್ಬರ ಪ್ರಕರಣದಲ್ಲಿ 2022ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿದ್ದು, ಅರ್ಜಿಯಲ್ಲಿ ಆರಿಸಿದ್ದೇ ಆಯ್ಕೆ, ಮನಸ್ಸಿನಲ್ಲಿ ಇದ್ದದ್ದಲ್ಲ ಎಂದು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಒಂದೇ ತಪ್ಪನ್ನು ಹಲವರು ಮಾಡಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದ್ದಾರೆ ಎಂದ ಮೇಲೆ, ದೋಷ ತುಂಬಿದವರದ್ದೋ ಕೇಳಿದವರದ್ದೋ ಎಂದು ಕೇಳಲೇಬೇಕಾಗುತ್ತದೆ.

ಹಂಚಿಕೆಗೂ ಈ ಆಯ್ಕೆಗೂ ಏನು ನಂಟು? ಗಂಡ ಹೆಂಡತಿ ಇಬ್ಬರೂ ಒಂದೇ ಆಯ್ಕೆಗೆ ಒಳಪಡಬೇಕು. ಸಾಮಾನ್ಯವಾಗಿ ಮೊದಲು ಅರ್ಜಿ ಹಾಕುವವಳು ತಾಯಿ. ಅವಳು ವಿಸ್ತೃತ ಎಂದು ಆರಿಸಿದರೆ ಗಂಡನ ಭತ್ಯೆಯೂ ಶೇ. 33ಕ್ಕೆ ಇಳಿಯುತ್ತದೆ, ಅಷ್ಟು ಕಡಿಮೆ ಹಣಕ್ಕೆ ಅವನು ಕೆಲಸ ಬಿಟ್ಟು ಮನೆಯಲ್ಲಿ ಕೂರುವುದು ಕಷ್ಟ. 2019ರ ಮಾರ್ಚ್‌ನಿಂದ ಹಂಚಿಕೊಂಡವರಿಗೆ ಮಾತ್ರ ಸಿಗುವ ಹೆಚ್ಚುವರಿ ವಾರಗಳಿವೆ: ಸಾಮಾನ್ಯ ಆಯ್ಕೆಯಲ್ಲಿ 5, ವಿಸ್ತೃತದಲ್ಲಿ 8. ಮೇಲಿನ 40 ಮತ್ತು 69 ಇವನ್ನು ಸೇರಿಸಿದ ಲೆಕ್ಕ. ಇವು ಬೇಕೆಂದರೆ ಇಬ್ಬರೂ ಬೇರೆ ಬೇರೆಯಾಗಿ ಅರ್ಜಿ ಹಾಕಬೇಕು. ಆದ್ದರಿಂದ ಅರ್ಜಿಯ ಪುಟ ತೆರೆಯುವ ಮೊದಲೇ ಇಬ್ಬರೂ ಕೂತು ವಾರಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಹೆರಿಗೆಯ 15 ವಾರವನ್ನು ಬದಿಗಿಟ್ಟು ಉಳಿದದ್ದನ್ನಷ್ಟೇ ಆ ಕಾಲಂನಲ್ಲಿ ತುಂಬಿ.

ಕ್ವಿಬೆಕ್ ಪ್ರಾಂತ್ಯದವರಿಗೆ ಈ ಗೊಂದಲವಿಲ್ಲ. ಅಲ್ಲಿ 2006ರಿಂದ ಪ್ರತ್ಯೇಕ ವಿಮೆ ಇದೆ, ಮೂಲ ಯೋಜನೆಯಲ್ಲಿ 5 ವಾರ ಅಪ್ಪನ ಹೆಸರಿನಲ್ಲೇ ಇರುತ್ತದೆ, ಗಳಿಕೆಯ ಶೇ. 70 ಭತ್ಯೆ. ಕೆನಡಾದ ಬೇರೆ ಪ್ರಾಂತ್ಯಗಳಿಗಿಂತ ಅಲ್ಲಿನ ಅಪ್ಪಂದಿರು ಎಷ್ಟೋ ಹೆಚ್ಚಿನ ಸಂಖ್ಯೆಯಲ್ಲಿ ರಜೆ ಹಾಕುತ್ತಾರೆ.

ನಮ್ಮಲ್ಲಿ ಹಂಚಿಕೊಳ್ಳಲು ರಜೆಯೇ ಇಲ್ಲ. 2017ರ ತಿದ್ದುಪಡಿಯ ನಂತರ ಕಾನೂನು ತಾಯಿಗೆ 26 ವಾರ ಹೆರಿಗೆ ರಜೆ ಕೊಡುತ್ತದೆ, ಅಪ್ಪನಿಗೆ ಅದರಲ್ಲಿ ಏನೂ ಇಲ್ಲ. ಕೇಂದ್ರ ಸರ್ಕಾರಿ ನೌಕರರ ರಜಾ ನಿಯಮ 43-ಎ ಅಪ್ಪನಿಗೆ 15 ದಿನ ಕೊಡುತ್ತದೆ. ಮಗು ಹುಟ್ಟಿ ಆರು ತಿಂಗಳೊಳಗೆ ತೆಗೆದುಕೊಳ್ಳದಿದ್ದರೆ ರದ್ದು. ಮಕ್ಕಳ ಪಾಲನೆಗೆಂದೇ ಇರುವ 730 ದಿನಗಳ ರಜೆ ಮಹಿಳಾ ನೌಕರರಿಗೆ ಮತ್ತು ಒಂಟಿ ತಂದೆಗೆ ಮಾತ್ರ. ಹೆಂಡತಿಯಿರುವ ಗಂಡಸು ಮಗುವನ್ನು ನೋಡಿಕೊಳ್ಳಬೇಕಾದೀತು ಎಂಬ ಕಲ್ಪನೆಯೇ ಆ ನಿಯಮದಲ್ಲಿಲ್ಲ. ನಿಯಮ ತಿದ್ದಲು ವರ್ಷಗಳೇ ಹಿಡಿಯಬಹುದು. ಆದರೆ ಮಗುವಿನ ಹೆಸರನ್ನು ಕುಟುಂಬದ ವಿವರಕ್ಕೆ ಸೇರಿಸಲು ನೌಕರ ಹೇಗೂ ಕಚೇರಿಗೆ ಕಾಗದ ಕೊಡುತ್ತಾನೆ. ಅದೇ ಹಾಳೆಯಲ್ಲಿ 'ಪಿತೃತ್ವ ರಜೆ 15 ದಿನ, ಇಂಥ ದಿನಾಂಕದೊಳಗೆ' ಎಂದು ಮೊದಲೇ ಮುದ್ರಿಸಿ, ಬೇಡವಾದವರು ಹೊಡೆದುಹಾಕುವಂತೆ ಮಾಡಲು ಯಾವ ತಿದ್ದುಪಡಿಯೂ ಬೇಕಿಲ್ಲ, ಸಿಬ್ಬಂದಿ ವಿಭಾಗದ ಒಂದು ಸುತ್ತೋಲೆ ಸಾಕು.